ನೂರಕ್ಕೊಂದು

ಅಪ್ಪನ ಸ್ಕೇಲು ಸುಳ್ಳು ಹೇಳುತ್ತಿತ್ತು.
ಅದರ ಒಂದಿಂಚು ಇಂಚಿಗಿಂತ ಕೂದಲೆಳೆ ಜಾಸ್ತಿ,
ನೂರು ಅಂದಲ್ಲಿ ನೂರೊಂದು.
ಕಾದ ಕಬ್ಬಣ ಆರೂಮುಂದ ಕುಗ್ಗತೈತಿ, ತಂಗೀ,
ಕುಗ್ಗೂದನ್ನ ಮೊದಲ ಕೂಡಿಸಿ ಇಡಬೇಕು,
ಆಯೇರಿಗೆ ಮ್ಯಾಲೊಂದು ರೂಪಾಯಿ ಇಟ್ಟಂಗ.

ಅದೇ ಸ್ಕೇಲಿಟ್ಟು ಪ್ರತಿ ಯುಗಾದಿಗೆ
ಬಾಗಿಲ ಚೌಕಟ್ಟಿಗೆ ನನ್ನನ್ನು ಆನಿಸಿ ನಿಲ್ಲಿಸಿ
ಪೆನ್ಸಿಲ್ ಗೀಟು ಎಳೆಯುತ್ತಿದ್ದ.
ಸಾಲಿಯಲ್ಲಿ ನರ್ಸ್ ಅಳೆದಾಗ ಅರ್ಧ ಇಂಚು ಎತ್ತರವಾಗಿದ್ದೆ.
ಓಡಿ ಬಂದು ಹೇಳಿದರೆ ನಕ್ಕ:
ನೀ ಇನ್ನೂ ಬಿಸಿ ಅದಿ, ಆರಿದ ಮ್ಯಾಲೆ ನೋಡೂಣು.

ಉದ್ಯಮಬಾಗದಲ್ಲಿ ಆ ಶೆಡ್ಡು.
ಮೂರನೇ ಗೇಟಿನಲ್ಲಿ ರೈಲು ದಾಟಲೆಂದು
ಸೈಕಲ್ಲಿನಿಂದ ಒಂದು ಕಾಲೂರಿ ಕಾಯುತ್ತ
ಮೂವತ್ತೊಂದು ವರ್ಷ.
ಸಾಗವಾನಿಯಲ್ಲಿ ಅವನು ಕೆತ್ತಿದ ಪಂಪಿನ ಹೊಟ್ಟೆ,
ಅದರ ಅಚ್ಚಿಗೆ ದಸ್ತಗೀರ ಸನದಿ ಎರೆದ ಬೆಂಕಿ
ಹಡಗು ಹತ್ತಿ ಹೋಗಿ ಯಾವುದೋ ಊರಿನ ನೆಲಮಾಳಿಗೆಯಲ್ಲಿ
ನೀರೆತ್ತುತ್ತಿದೆಯಂತೆ. ಅವರಿಬ್ಬರೂ ನೋಡಿಲ್ಲ.

ನೋಟಿಸು ಮೂರು ಭಾಷೆಯಲ್ಲಿ ಬಂತು.
ಬೋರ್ಡಿನ ಅಕ್ಷರಕ್ಕೆ ಬಸ್ಸಿನ ಗಾಜು ಒಡೆಯುವ ಊರು,
ಈ ಹಾಳೆಗೆ ಮಾತ್ರ ಯಾರೂ ಮಸಿ ಬಳಿಯಲಿಲ್ಲ.
ಗಿರಾಕಿ ಬೇರೆ ದೇಶ ನೋಡಿಕೊಂಡಿದ್ದಾನೆ,
ಕಿಲೋಕ್ಕೆ ಹನ್ನೊಂದು ರೂಪಾಯಿ ಕಡಿಮೆ.
ಪ್ಯಾಟರ್ನು ಗಿರಾಕಿಯದು, ಕರಾರಿನಲ್ಲಿದೆ,
ಹೊಸ ಫೌಂಡ್ರಿಗೆ ಕಳಿಸಬೇಕು.
ಪೆಟ್ಟಿಗೆ ಮಾಡಲು ಒಬ್ಬ ಬಡಿಗ ಬೇಕು.

ಮಾನಪ್ಪ ಬಡಿಗೇರ, ನನ್ನ ಅಪ್ಪ,
ನಲವತ್ತೆರಡು ಪೆಟ್ಟಿಗೆ ಮಾಡಿದ.
ಒಂದು ಅರ್ಧ ನೂಲು ಕೆತ್ತಿಬಿಡೋ, ಯಾರಿಗೆ ತಿಳಿತೈತಿ,
ಅಂದ ದಸ್ತಗೀರ ಕಾಕಾ,
ಆರು ತಿಂಗಳು ಒದ್ದಾಡಲಿ ಅಲ್ಲೀ ಮಂದಿ.
ಅಪ್ಪ ಉಳಿ ಎತ್ತಿಕೊಂಡ.
ಬಹಳ ಹೊತ್ತು ಹಿಡಿದು ಕೂತ.
ಆಮೇಲೆ ಜಜ್ಜಿದ್ದ ಒಂದು ಮೂಲೆಗೆ ಮೇಣ ತುಂಬಿ
ಉಜ್ಜಿ, ಅರಗು ಬಳಿದು, ಒಣಗಲು ಇಟ್ಟ.

ಎರಡು ತಿಂಗಳಿಗೆ ಫೋನಿನಲ್ಲೊಂದು ಮುಖ.
ಕೂದಲು ಹಣೆಗಿಳಿದ ಹುಡುಗ, ಮೊಣಕೈ ಕೆಳಗೆ ಸುಟ್ಟ ಕಲೆ.
ದಸ್ತಗೀರ ಕಾಕಾನಿಗೂ ಅಲ್ಲೇ.
ಅವನ ಇಂಗ್ಲಿಷು ನನ್ನ ಇಂಗ್ಲಿಷು
ಕುಂಟುತ್ತ ಎದುರುಬದುರಾದವು.
ಪಂಪಿನ ಹೊಟ್ಟೆಯೊಳಗೆ ಪೆನ್ಸಿಲ್ ಗೀಟುಗಳಿವೆ,
ಒಂದರ ಮೇಲೊಂದು, ಪಕ್ಕಕ್ಕೆ ತಾರೀಖು,
ಯಾವ ಅಳತೆ ಇದು, ಕೇಳಿ ಹೇಳಿ.
ಅಪ್ಪ ನನ್ನ ಕಡೆ ನೋಡಲಿಲ್ಲ.
ಅಳತಿ ಅಲ್ಲ ಅಂತ ಹೇಳು. ಅಳಸಬ್ಯಾಡ ಅನ್ನು.
ನನಗೆ ಹೇಳಲಾದದ್ದು ಮೊದಲನೆಯದು ಮಾತ್ರ.

ಲೆಕ್ಕ ಚುಕ್ತಾ ಮಾಡಿದವರ ಸ್ಕೇಲು ಸರಿಯಾಗಿತ್ತು,
ಅದರಲ್ಲಿ ನೂರು ಅಂದರೆ ನೂರೇ.
ಕೈಗೆ ಬಂದಾಗ ಬಿಸಿಯಿತ್ತು.
ಅವ್ವನ ಆಪರೇಶನ್ನು, ಸೊಸೈಟಿಯ ಕಂತು,
ದಸರೆಯೊಳಗೆ ಆರಿತು. ಆರಿ ಎಷ್ಟು ಕುಗ್ಗಿತೆಂದರೆ
ಮನೆಯೆಂಬ ಅಚ್ಚಿನೊಳಗೆ ಅದು
ಗಡಗಡ ಅಲ್ಲಾಡುವುದು ರಾತ್ರಿ ಕೇಳುತ್ತಿತ್ತು.

ದಸ್ತಗೀರ ಕಾಕಾ ಲಗ್ನದ ಮನೆಗಳಲ್ಲಿ
ಬಿರ್ಯಾನಿಯ ಒಲೆ ಕಾಯುತ್ತಾನೆ.
ಇದೂ ಬೆಂಕೀನ, ಅನ್ನುತ್ತಾನೆ,
ಆದರ ಇದರ ಮುಂದ ಕಣ್ಣು ಸಣ್ಣ ಮಾಡೂದು ಬೇಕಾಗೂದಿಲ್ಲ.

ಅಪ್ಪ ಈಗ ಅನಗೋಳದ ಹೊಸ ಫ್ಲ್ಯಾಟುಗಳಲ್ಲಿ
ಪ್ಲೈವುಡ್ ಕಪಾಟು ಕೂಡಿಸುತ್ತಾನೆ.
ಪ್ಲೈವುಡ್ಡು ಕುಗ್ಗುವುದಿಲ್ಲ.
ಸ್ಟೀಲಿನ ಟೇಪು ತಂದುಕೊಟ್ಟಿದ್ದೇನೆ,
ಕಣ್ಣು ಅದನ್ನು ಓದುತ್ತದೆ, ಕೈ ಕೇಳುವುದಿಲ್ಲ.
ಎಲ್ಲ ಬಾಗಿಲೂ ಕೂದಲೆಳೆ ದೊಡ್ಡದು.
ಮುಚ್ಚುವುದಿಲ್ಲ ಅಂತ ಫೋನು ಬರುತ್ತದೆ.
ಭಾನುವಾರ ಕೀಸುಳಿ ಚೀಲದಲ್ಲಿ ಹಾಕಿಕೊಂಡು ಹೋಗಿ
ಯಾರದೋ ಅಡುಗೆಮನೆಯಲ್ಲಿ ಮಂಡಿಯೂರಿ
ತಾನೇ ಮೊದಲು ಕೂಡಿಸಿಟ್ಟದ್ದನ್ನು
ಎಳೆ ಎಳೆಯಾಗಿ
ಕೆತ್ತಿ ತೆಗೆಯುತ್ತಾನೆ.